ಹಾಜರಿ ಪುಸ್ತಕ ಮತ್ತು ಅಣುವ್ರತ

ಗೃಹಸ್ಥನಾದ ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಿಗೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದಕ್ಕೂ ಐದೈದರಂತೆ ಅತಿಚಾರಗಳನ್ನು ಎಣಿಸಿಟ್ಟಿದ್ದಾರೆ. ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬವು ಅತಿಚಾರಗಳು. ಇವುಗಳನ್ನು ಮಕ್ಕಳಿಗೆ ಬೋಧಿಸುವಾಗ ಎತ್ತು ಕುದುರೆಗಳ ಉದಾಹರಣೆ ಕೊಡುವುದು ವಾಡಿಕೆ. ಎತ್ತಿನ ಮೇಲೆ ಹೊರಲಾರದಷ್ಟು ಭಾರ ಹೇರಬಾರದು, ಹೊತ್ತಿಗೆ ಸರಿಯಾಗಿ ಮೇವು ನೀರು ತಪ್ಪಿಸಬಾರದು ಎಂದು ಮಕ್ಕಳು ಕಂಠಪಾಠ ಮಾಡುತ್ತಾರೆ. ಮನೆಯಲ್ಲಿ ಎತ್ತೂ ಗಾಡಿಯೂ ಇಲ್ಲದ ಈ ಕಾಲದ ಶ್ರಾವಕನು ಆ ಸೂತ್ರವನ್ನು ತನಗೆ ಸಂಬಂಧಿಸದ ಹಳೆಯ ಮಾತೆಂದು ದಾಟಿಹೋಗುವುದೂ ವಾಡಿಕೆಯೇ ಆಗಿದೆ.

ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ವಾಸವಾಗಿರುವ ನಿವೃತ್ತ ಗುಮಾಸ್ತರೊಬ್ಬರು ಆ ಸೂತ್ರವನ್ನು ಹಾಗೆ ದಾಟಿಹೋಗಲಾರರು. ಮೂವತ್ತೆಂಟು ವರ್ಷಗಳ ಕಾಲ ಒಂದೇ ವ್ಯಾಪಾರಸಂಸ್ಥೆಯಲ್ಲಿ ಲೆಕ್ಕ ಬರೆದ ಅವರು, ಆ ಸಂಸ್ಥೆ ಬೆಳೆಯುವುದನ್ನು ಒಳಗಿನಿಂದ ಕಂಡವರು. ಬೆಳವಣಿಗೆಯ ಕಥೆಯನ್ನು ಸಾಮಾನ್ಯವಾಗಿ ಮಾಲೀಕನ ಬಾಯಿಂದ ಕೇಳುತ್ತೇವೆ. ಅದೇ ಕಥೆ ಲೆಕ್ಕದ ಮೇಜಿನ ಹಿಂದೆ ಕುಳಿತವನಿಗೆ ಹೇಗೆ ಕಂಡಿತು ಎಂಬುದು ಶ್ರಾವಕಾಚಾರದ ದೃಷ್ಟಿಯಿಂದ ವಿಚಾರಾರ್ಹವಾದುದು.

ದಾವಣಗೆರೆ ವ್ಯಾಪಾರದಿಂದಲೇ ಬೆಳೆದ ಊರು. ಹೈದರಾಲಿಯು ಈ ಊರನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟಾಗ, ಆತನು ವರ್ತಕರನ್ನು ಕರೆತಂದು ನೆಲೆಗೊಳಿಸಿದನೆಂದು ಇತಿಹಾಸ ಹೇಳುತ್ತದೆ. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ ತಲೆಯೆತ್ತಿತು. ಅದರ ಬೆನ್ನಿಗೆ ಒಂದೊಂದಾಗಿ ಬೇರೆ ಗಿರಣಿಗಳು ಬಂದು, ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ತಂದವು. ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆಮೂಲೆಗೂ ಹೋದವು. ಗಿರಣಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಊರು ಇದು. ಗಿರಣಿ ಕಾರ್ಮಿಕರ ನಾಯಕರಾದ ಪಂಪಾಪತಿಯವರನ್ನು ವಿಧಾನಸಭೆಗೆ ಆರಿಸಿ ಕಳಿಸಿದ ಊರೂ ಇದೇ. ದೊಡ್ಡ ಕಾರ್ಖಾನೆಯ ಕೆಲಸಗಾರನಿಗೆ ಒಂದು ಟಿಕೆಟ್ ನಂಬರು, ಹಾಜರಿ ಪುಸ್ತಕದಲ್ಲಿ ಒಂದು ಸಾಲು, ಭವಿಷ್ಯನಿಧಿಯಲ್ಲಿ ಒಂದು ಖಾತೆ ಇರುತ್ತಿದ್ದವು. ಅದೇ ಊರಿನ ಪೇಟೆಯ ಅಂಗಡಿಗಳಲ್ಲಿ ದುಡಿಯುತ್ತಿದ್ದವರಿಗೆ ಬಹುಮಟ್ಟಿಗೆ ಮಾಲೀಕನ ಮಾತೇ ಟಿಕೆಟ್ಟು, ಮಾಲೀಕನ ಮನಸ್ಸೇ ಭವಿಷ್ಯನಿಧಿ.

ಈ ಗುಮಾಸ್ತರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ, 1978ರಲ್ಲಿ, ಪೇಟೆಯ ಒಂದು ಎಣ್ಣೆ ಕಾಳುಗಳ ಸಗಟು ಅಂಗಡಿಗೆ ಸೇರಿದರು. ಮಾಲೀಕರೂ ಜೈನರೇ, ಅವರಿಗಿಂತ ಹತ್ತು ವರ್ಷ ಹಿರಿಯರು. ಆಗ ಅಂಗಡಿಯಲ್ಲಿದ್ದವರು ಒಟ್ಟು ಏಳು ಜನ. ಸಾಹುಕಾರರು ಗಾದಿಯ ಮೇಲೆ ಕುಳಿತರೆ ಏಳು ಜನರ ಮುಖವೂ ಕಾಣುತ್ತಿತ್ತು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ವರ ಬಂದಿದೆ ಎಂಬುದು ಅವರಿಗೆ ಕೇಳದೆಯೇ ತಿಳಿಯುತ್ತಿತ್ತು. ರಾತ್ರಿಭೋಜನ ತ್ಯಾಗದ ನಿಯಮವಿದ್ದ ಅವರು ಹೊತ್ತು ಮುಳುಗುವ ಮೊದಲೇ ಬಾಗಿಲು ಹಾಕಿಸುತ್ತಿದ್ದರು. ‘ನಾನು ಬೆಳಕಿರುವಾಗ ಊಟ ಮಾಡಿ, ನನ್ನ ಅಂಗಡಿಯವರನ್ನು ಕತ್ತಲೆಯಲ್ಲಿ ಮನೆಗೆ ಕಳಿಸಿದರೆ ಅದೆಂಥ ನಿಯಮ?’ ಎಂದು ಅವರು ಹೇಳಿದ ಮಾತು ಗುಮಾಸ್ತರ ಮನಸ್ಸಿನಲ್ಲಿ ಅಚ್ಚಳಿಯದೆ ಉಳಿದಿದೆ. ಅದೇ ನಿಯಮವನ್ನು ಪಾಲಿಸುತ್ತಿದ್ದ ಗುಮಾಸ್ತರಿಗೆ ಇಂಥ ಮನೆಯಲ್ಲಿ ಕೆಲಸ ಸಿಕ್ಕಿದ್ದು ಪುಣ್ಯವೆನಿಸಿತ್ತು.

1981ರಲ್ಲಿ ಶ್ರವಣಬೆಳಗೊಳದ ಬಾಹುಬಲಿ ಸ್ವಾಮಿಗೆ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಸಾಹುಕಾರರು ಅಂಗಡಿಗೆ ರಜೆ ಕೊಟ್ಟು, ಗುಮಾಸ್ತರನ್ನೂ ಕುಟುಂಬದೊಡನೆ ಕರೆದೊಯ್ದರು. ಅಲ್ಲಿ ಮುನಿಗಳ ಸಮ್ಮುಖದಲ್ಲಿ ಅವರು ಪರಿಗ್ರಹ ಪರಿಮಾಣ ವ್ರತ ಸ್ವೀಕರಿಸಿದರು. ಇಷ್ಟು ಮನೆ, ಇಷ್ಟು ಬಂಗಾರ, ಇಷ್ಟು ನಗದು, ಇದಕ್ಕಿಂತ ಹೆಚ್ಚಾದುದನ್ನು ದಾನಕ್ಕೆ ಮೀಸಲಿಡುವೆನೆಂದು ಸಂಕಲ್ಪಿಸಿದರು. ಆ ಪಟ್ಟಿಯನ್ನು ಅಂದಿನ ರಾತ್ರಿ ತಂಗಿದ್ದ ಛತ್ರದಲ್ಲಿ ಸಾಹುಕಾರರು ಹೇಳುತ್ತಾ ಹೋದಂತೆ ಬರೆದುಕೊಂಡವರು ಈ ಗುಮಾಸ್ತರೇ. ಇಬ್ಬರಿಗೂ ಅಂದು ಆನಂದಬಾಷ್ಪ ಬಂದಿತ್ತು.

ಆಮೇಲೆ ಅಂಗಡಿ ಬೆಳೆಯಿತು. ಸೂರ್ಯಕಾಂತಿ ಬೆಳೆಯೂ ಎಣ್ಣೆಯ ಬೇಡಿಕೆಯೂ ಹೆಚ್ಚಿದ ಕಾಲ ಅದು. 1986ರಲ್ಲಿ ಹರಿಹರದ ದಾರಿಯಲ್ಲಿ ಒಂದು ಗೋದಾಮು ಕಟ್ಟಿ, ಹದಿನೈದು ಕಿಲೋ ಡಬ್ಬಗಳಿಗೆ ಎಣ್ಣೆ ತುಂಬುವ ಕೆಲಸ ಆರಂಭಿಸಿದರು. ಏಳು ಜನ ಹದಿನಾಲ್ಕಾದರು. ಮರುವರ್ಷ ಇಪ್ಪತ್ತನ್ನು ದಾಟಿದರು. 1994ರ ಹೊತ್ತಿಗೆ ಮೂವತ್ತೊಂದಾದರು. ಬೆಳವಣಿಗೆಯಲ್ಲಿ ಒಳಿತು ಇರಲಿಲ್ಲವೆಂದು ಗುಮಾಸ್ತರು ಎಂದೂ ಹೇಳುವುದಿಲ್ಲ. ಮೂವತ್ತೊಂದು ಮನೆಗಳ ಒಲೆ ಉರಿಯಿತು. ಅವರದೇ ಸಂಬಳ ಹೆಚ್ಚಿತು. ಬಾಡಿಗೆಯ ಒಂದು ಕೋಣೆಯಿಂದ ಕೆ.ಬಿ. ಬಡಾವಣೆಯ ಸ್ವಂತ ಮನೆಗೆ ಬಂದರು. ಮಗಳನ್ನು ಕಾಲೇಜಿಗೆ ಕಳಿಸಿದರು. ತಾವು ಉಂಡ ಅನ್ನವನ್ನು ದೂಷಿಸುವ ಸ್ವಭಾವ ಅವರದಲ್ಲ.

ಆದರೆ ಬೆಳವಣಿಗೆಯು ಮೊದಲು ಕಸಿದದ್ದು ಸಂಜೆಯನ್ನು. ಲಾರಿಗಳು ರಾತ್ರಿ ಬರತೊಡಗಿದವು. ಮುಂಬಯಿಯ ಧಾರಣೆ ತಿಳಿಯಲು ಸಂಜೆಯ ದೂರವಾಣಿ ಕರೆಗೆ ಕಾಯಬೇಕಾಯಿತು. ಆರಕ್ಕೆ ಮುಚ್ಚುತ್ತಿದ್ದ ಬಾಗಿಲು ಏಳಕ್ಕೆ, ಎಂಟಕ್ಕೆ, ಕೊನೆಗೆ ಒಂಬತ್ತಕ್ಕೆ ಮುಚ್ಚಿತು. ಸಾಹುಕಾರರು ಮಾತ್ರ ಐದೂವರೆಗೆ ಮನೆಗೆ ಹೋಗಿ, ಊಟ ಮುಗಿಸಿ ಹಿಂದಿರುಗುತ್ತಿದ್ದರು. ಗುಮಾಸ್ತರು ಲೆಕ್ಕ ಬಿಟ್ಟು ಏಳುವಂತಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣದ ಅವರು ಎಷ್ಟೋ ದಿನ ಮಧ್ಯಾಹ್ನದ ಊಟದ ಮೇಲೆಯೇ ಮರುದಿನದ ಬೆಳಗಿನವರೆಗೆ ಇದ್ದರು. ಒಮ್ಮೆ ಬಸದಿಯ ಸ್ವಾಧ್ಯಾಯದಲ್ಲಿ ಅನ್ನಪಾನನಿರೋಧವೆಂಬ ಅತಿಚಾರದ ವಿವರಣೆ ನಡೆಯುತ್ತಿತ್ತು. ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕದಿರುವುದು ಎಂದು ವಾಚಕರು ಹೇಳಿದಾಗ, ಎದುರಿನ ಸಾಲಿನಲ್ಲಿ ಕುಳಿತಿದ್ದ ಸಾಹುಕಾರರು ತಲೆದೂಗಿದರು. ಗುಮಾಸ್ತರು ತಲೆ ತಗ್ಗಿಸಿದರು. ಮರುದಿನದಿಂದ ಅವರ ಮನೆಯವರು ಸಂಜೆಯ ಬುತ್ತಿಯನ್ನೂ ಕಟ್ಟಿಕೊಡತೊಡಗಿದರು. ಸಮಸ್ಯೆ ಬಗೆಹರಿಯಿತೆಂದುಕೊಂಡರು. ಬುತ್ತಿ ತರುವ ಅನುಕೂಲವಿಲ್ಲದವರ ಹಸಿವು ಆಗ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ಎರಡನೆಯದು ಹಾಜರಿ ಪುಸ್ತಕದ ವಿಷಯ. 1952ರಲ್ಲಿ ಬಂದ ಭವಿಷ್ಯನಿಧಿ ಕಾಯ್ದೆಯು ಅಂದಿನ ದಿನಗಳಲ್ಲಿ ಇಂಥ ಸಂಸ್ಥೆಗಳಿಗೆ ಅನ್ವಯಿಸಲು ಅಲ್ಲಿ ಇಪ್ಪತ್ತು ಅಥವಾ ಹೆಚ್ಚು ಜನ ಕೆಲಸಗಾರರಿರಬೇಕಿತ್ತು. ಇಪ್ಪತ್ತು ತುಂಬಿತೆಂದರೆ ಎಲ್ಲರ ಸಂಬಳದಿಂದ ಒಂದು ಪಾಲು ಹಿಡಿದು, ಅದಕ್ಕೆ ಮಾಲೀಕನ ಪಾಲು ಸೇರಿಸಿ, ಪ್ರತಿ ತಿಂಗಳೂ ನಿಧಿಗೆ ಕಟ್ಟಬೇಕು. 1987ರ ಒಂದು ಸಂಜೆ ಸಾಹುಕಾರರು ಗುಮಾಸ್ತರನ್ನು ಕರೆದು, ‘ಸದ್ಯಕ್ಕೆ ಹತ್ತೊಂಬತ್ತಕ್ಕೆ ನಿಲ್ಲಿಸಪ್ಪಾ, ಸ್ವಲ್ಪ ಉಸಿರು ತಿರುಗಲಿ, ಆಮೇಲೆ ನೋಡೋಣ’ ಎಂದರು. ಉಳಿದವರ ಕೂಲಿಯನ್ನು ಹಮಾಲಿ ಖರ್ಚೆಂದು ಬರೆಯುವುದೆಂದು ತೀರ್ಮಾನವಾಯಿತು. ಗುಮಾಸ್ತರು ಹಾಗೆಯೇ ಬರೆದರು. ‘ಸದ್ಯಕ್ಕೆ’ ಎಂಬ ಪದಕ್ಕೆ ಹನ್ನೊಂದು ವರ್ಷಗಳ ಆಯುಷ್ಯವಿತ್ತು.

ಇದರ ಪರಿಣಾಮ ಹೆಸರಿಲ್ಲದವರಿಗಷ್ಟೇ ಆಗಲಿಲ್ಲ. ಪುಸ್ತಕದಲ್ಲಿ ಹತ್ತೊಂಬತ್ತೇ ಜನರಿದ್ದುದರಿಂದ ಕಾಯ್ದೆಯೇ ಅನ್ವಯಿಸಲಿಲ್ಲ. ಹೆಸರಿದ್ದ ಹತ್ತೊಂಬತ್ತು ಜನರಿಗೂ ಭವಿಷ್ಯನಿಧಿ ಬರಲಿಲ್ಲ. ಆ ಪಟ್ಟಿಯಲ್ಲಿ ಮೊದಲ ಹೆಸರು ಗುಮಾಸ್ತರದೇ ಆಗಿತ್ತು. ಅಂದರೆ ಅವರು ಪ್ರತಿ ತಿಂಗಳೂ ತಮ್ಮ ವಿರುದ್ಧವೇ ಸುಳ್ಳು ಬರೆದುಕೊಳ್ಳುತ್ತಿದ್ದರು. ತಮಗೂ ನಷ್ಟವಾಗುತ್ತಿದೆಯಲ್ಲ ಎಂಬುದೇ ಅವರ ಮನಸ್ಸಿಗೆ ಬಹುಕಾಲ ಸಮಾಧಾನ ಕೊಟ್ಟಿತು. ತನಗೂ ಹಾನಿ ಮಾಡಿಕೊಂಡ ಮಾತ್ರಕ್ಕೆ ಪರರಿಗೆ ಮಾಡಿದ ಹಾನಿ ತೊಳೆದುಹೋಗುವುದೆಂದು ಯಾವ ಆಗಮವೂ ಹೇಳಿಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಮೂರನೆಯದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹ. ನಾಲ್ಕನೆಯದು ನ್ಯಾಸಾಪಹಾರ. ನಂಬಿ ಇಟ್ಟ ಒತ್ತೆಯ ಪ್ರಮಾಣವನ್ನು ಇಟ್ಟವನು ಮರೆತು ಕಡಿಮೆ ಕೇಳಿದಾಗ, ಅವನು ಕೇಳಿದಷ್ಟನ್ನೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು ನ್ಯಾಸಾಪಹಾರವೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಕಾಯ್ದೆಯಂತೆ ತನಗೆ ಸಲ್ಲಬೇಕಾದ ಪಾಲಿದೆಯೆಂಬುದನ್ನೇ ಅರಿಯದ ಕೂಲಿಯಾಳು ಆ ಪಾಲನ್ನು ಕೇಳುವುದಾದರೂ ಹೇಗೆ? ಅವನು ಕೇಳಲಿಲ್ಲವೆಂದು ಕೊಡದಿರುವುದು ನ್ಯಾಸಾಪಹಾರಕ್ಕಿಂತ ಎಷ್ಟು ದೂರ? ಅಚೌರ್ಯಾಣುವ್ರತದಲ್ಲಿ ರಾಜ್ಯದ ನಿಯಮ ಮೀರುವ ವಿರುದ್ಧರಾಜ್ಯಾತಿಕ್ರಮವೂ ಸೇರಿದೆ. ಒಂದು ಪುಸ್ತಕದ ಒಂದು ಪುಟದಲ್ಲಿ ಎರಡು ವ್ರತಗಳ ಮೂರು ಅತಿಚಾರಗಳು ಕೂಡಿಬಂದಿದ್ದವು. ಬರೆದ ಕೈ ಮಾಲೀಕನದಲ್ಲ, ಗುಮಾಸ್ತನದು.

ತಪಾಸಣೆಯ ಅಧಿಕಾರಿ ಬರುವರೆಂದು ಸುಳಿವು ಸಿಕ್ಕ ಒಂದು ದಿನ, ಹೆಸರಿಲ್ಲದ ಹನ್ನೆರಡು ಜನರನ್ನು ಹಿಂದಿನ ಬಾಗಿಲಿನಿಂದ ಹೊರಗೆ ಕಳಿಸುವ ಕೆಲಸ ಗುಮಾಸ್ತರ ಪಾಲಿಗೆ ಬಂತು. ಅವರಲ್ಲಿ ಎಲ್ಲರಿಗಿಂತ ಹಿರಿಯ, ಹರಿಹರದ ಕಡೆಯ ಹಳ್ಳಿಯಿಂದ ದಿನವೂ ಬರುತ್ತಿದ್ದ ಡಬ್ಬ ತುಂಬುವ ಕೆಲಸಗಾರ. 1984ರಲ್ಲಿ, ಗೋದಾಮು ಕಟ್ಟುವ ಮೊದಲೇ, ಅಂಗಡಿಗೆ ಸೇರಿದವನು. ಎಣ್ಣೆಯ ಕೈಯನ್ನು ಚೀಲದ ಬಟ್ಟೆಗೆ ಒರೆಸುತ್ತಾ ಅವನು, ‘ಯಾಕ್ರೀ ರೈಟ್ರೇ, ನಾವೇನು ಕಳ್ರಾ?’ ಎಂದು ಕೇಳಿದ. ಗುಮಾಸ್ತರು, ‘ಅರ್ಧ ಗಂಟೆ ಅಷ್ಟೇ, ಚಹಾ ಕುಡಿದು ಬರ್ರಿ’ ಎಂದು ಎಲ್ಲರ ಚಹಾದ ದುಡ್ಡನ್ನು ಅವನ ಕೈಗಿಟ್ಟರು. ಆ ದುಡ್ಡನ್ನೂ ಹಮಾಲಿ ಖರ್ಚಿನಲ್ಲೇ ಬರೆದರು.

ಅಮಿತಗತಿ ಆಚಾರ್ಯರು ದೋಷದ ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಮನಸ್ಸಿನ ಶುದ್ಧಿ ಕೆಡುವುದು ಅತಿಕ್ರಮ. ಶೀಲದ ಬೇಲಿ ದಾಟುವುದು ವ್ಯತಿಕ್ರಮ. ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ. ಅದರಲ್ಲಿಯೇ ಆಸಕ್ತನಾಗಿ ಉಳಿಯುವುದು ಅನಾಚಾರ. ಮೊದಲ ತಿಂಗಳು ಹೆಸರು ಬಿಡುವಾಗ ಗುಮಾಸ್ತರ ಕೈ ನಡುಗಿತ್ತು. ಮೂರನೆಯ ವರ್ಷ ಅದು ಅಭ್ಯಾಸವಾಯಿತು. ಐದನೆಯ ವರ್ಷ, ಹೊಸದಾಗಿ ಸೇರಿದ ಹುಡುಗನಿಗೆ ಹೇಗೆ ಬರೆಯಬೇಕೆಂದು ಅವರೇ ಕಲಿಸಿಕೊಟ್ಟರು. ನಾಲ್ಕು ಮೆಟ್ಟಿಲುಗಳನ್ನು ಇಳಿಯಲು ಕಾಲಿಗೆ ಆಯಾಸವೇ ಆಗಲಿಲ್ಲವೆಂದು ಅವರು ಈಗ ನೆನೆಯುತ್ತಾರೆ.

ಸಾಹುಕಾರರ ಪರಿಗ್ರಹ ಪರಿಮಾಣದ ಪಟ್ಟಿ ಏನಾಯಿತು? ಅದು ಕಬ್ಬಿಣದ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು. ಅವರ ಹೆಸರಿನಲ್ಲಿ ಸಂಕಲ್ಪಿಸಿದ್ದಕ್ಕಿಂತ ಹೆಚ್ಚಿನದು ಏನೂ ಇರಲಿಲ್ಲ. ಹೊಸ ಗೋದಾಮು ಪತ್ನಿಯ ಹೆಸರಿನಲ್ಲಿ, ನಿವೇಶನಗಳು ಮಕ್ಕಳ ಹೆಸರಿನಲ್ಲಿ, ಬಂಡವಾಳ ಪಾಲುದಾರಿಕೆಯ ಹೆಸರಿನಲ್ಲಿ ನೋಂದಣಿಯಾಗಿದ್ದವು. ವ್ರತ ಅಕ್ಷರಶಃ ಉಳಿದಿತ್ತು. ಪರಿಗ್ರಹವನ್ನು ಮೂರ್ಛೆಯೆಂದು, ಅಂದರೆ ವಸ್ತುವಿನ ಮೇಲಿನ ಮಮತೆಯೆಂದು ಸೂತ್ರಕಾರರು ಹೇಳಿರುವುದರಿಂದ, ಖಾತೆಯ ಹೆಸರು ಬದಲಾದರೆ ಮಮತೆಯೂ ವರ್ಗಾವಣೆಯಾಗುವುದೇ ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳಲಿಲ್ಲ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತದ ಅತಿಚಾರಗಳನ್ನು ಬೇರೆಯೇ ರೀತಿಯಲ್ಲಿ ಎಣಿಸಲಾಗಿದೆ: ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ. ಶಕ್ತಿಮೀರಿ ದುಡಿಸುವುದು, ಮಿತಿಮೀರಿ ಕೂಡಿಡುವುದು, ಪರರ ಲಾಭ ಕಂಡು ಬೆರಗಾಗುವುದು, ಬಂದ ಲಾಭದಲ್ಲಿ ತೃಪ್ತಿಯಿಲ್ಲದಿರುವುದು, ಅತಿಯಾಗಿ ಭಾರ ಹೊರಿಸುವುದು. ಐದರಲ್ಲಿ ಎರಡು, ದುಡಿಯುವ ಜೀವದ ಬೆನ್ನಿಗೆ ಸಂಬಂಧಿಸಿದವು. ಸಂಪತ್ತಿನ ಮಿತಿಯನ್ನು ಕುರಿತ ವ್ರತದಲ್ಲಿ ಬೆನ್ನಿನ ಮಾತು ಬಂದುದೇಕೆ? ಒಬ್ಬನು ಮಿತಿಮೀರಿ ಕೂಡಿಡುವಾಗ ಇನ್ನೊಂದು ಜೀವವು ಮಿತಿಮೀರಿ ಹೊರುತ್ತದೆಂಬುದನ್ನು ಆ ಮಹನೀಯರು ಅಂದೇ ಅರಿತಿದ್ದರು. ಬೆಳೆಯುವ ಸಂಸ್ಥೆಯ ವಿಷಯದಲ್ಲಿ ಶ್ರಾವಕನು ನೆನಪಿಡಬೇಕಾದ ಮೂಲಸತ್ಯ ಇದೇ.

1993ರ ಡಿಸೆಂಬರಿನಲ್ಲಿ ಮತ್ತೆ ಮಹಾಮಸ್ತಕಾಭಿಷೇಕ ಬಂತು. ಸಾಹುಕಾರರು ಕುಟುಂಬದೊಡನೆ ಹೋಗಿ ಕಲಶವನ್ನೂ ಪಡೆದರು. ಈ ಬಾರಿ ಗೋದಾಮಿಗೆ ರಜೆ ಇರಲಿಲ್ಲ; ಗುಮಾಸ್ತರು ಉಳಿದು ಲೋಡು ಕಳಿಸಿದರು. ಊರಿಗೆ ಬಂದ ಗಂಧೋದಕವನ್ನು ತಲೆಗೆ ಹಚ್ಚಿಕೊಂಡಾಗ ಅವರಿಗೆ 1981ರ ಛತ್ರದ ರಾತ್ರಿ ನೆನಪಾಯಿತು.

1998ರ ಬೇಸಗೆಯಲ್ಲಿ ಆ ಹಿರಿಯ ಕೆಲಸಗಾರನ ಬೆನ್ನು ಸೋತಿತು. ಅದಕ್ಕೆ ಅಪಘಾತವೇನೂ ಕಾರಣವಾಗಿರಲಿಲ್ಲ. ಹದಿನಾಲ್ಕು ವರ್ಷ ಎತ್ತಿ ಇಳಿಸಿದ ಡಬ್ಬಗಳ ಒಟ್ಟು ಭಾರ ಅದು. ಒಂದು ದಿನ ಬರಲಿಲ್ಲ, ಒಂದು ವಾರ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಅವನ ಜಾಗಕ್ಕೆ ಇನ್ನೊಬ್ಬ ಬಂದ. ಬಿಟ್ಟುಹೋದವನ ಹೆಸರು ಹೊಡೆದುಹಾಕುವ ಕೆಲಸವೂ ಗುಮಾಸ್ತರಿಗೆ ಇರಲಿಲ್ಲ, ಏಕೆಂದರೆ ಹೆಸರನ್ನು ಬರೆದೇ ಇರಲಿಲ್ಲ. 1995ರಲ್ಲಿ ಭವಿಷ್ಯನಿಧಿಗೆ ಸೇರಿದವರಿಗೆ ಪಿಂಚಣಿ ಯೋಜನೆ ಬಂದಿತ್ತು. ಹತ್ತು ವರ್ಷ ಸೇವೆಯಿದ್ದವನಿಗೆ ಅದರ ಹಕ್ಕು ಇರುತ್ತಿತ್ತು. ಹದಿನಾಲ್ಕು ವರ್ಷ ದುಡಿದವನಿಗೆ ಒಂದು ದಿನದ ಸೇವೆಯ ದಾಖಲೆಯೂ ಇರಲಿಲ್ಲ.

ಆ ವರ್ಷದ ದಶಲಕ್ಷಣ ಪರ್ವ ಬಂತು. ಉತ್ತಮ ಸತ್ಯ ಧರ್ಮದ ದಿನ ಗುಮಾಸ್ತರು ಬಸದಿಯಲ್ಲಿ ಕುಳಿತಿದ್ದರೂ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಪರ್ವ ಮುಗಿದು ಕ್ಷಮಾವಣಿಯ ದಿನ ಎಲ್ಲರೂ ಪರಸ್ಪರ ಕೈಮುಗಿದು ಕ್ಷಮೆ ಕೇಳುತ್ತಿದ್ದರು. ಸಾಹುಕಾರರು ಗುಮಾಸ್ತರ ಕೈ ಹಿಡಿದು, ಏನಾದರೂ ತಪ್ಪಾಗಿದ್ದರೆ ಮನಸ್ಸಿನಲ್ಲಿಡಬೇಡವೆಂದರು. ಗುಮಾಸ್ತರೂ ಹಾಗೆಯೇ ಅಂದರು. ಆಗ ಅವರಿಗೆ ಒಂದು ವಿಷಯ ಹೊಳೆಯಿತು. ಅಲ್ಲಿ ಕ್ಷಮೆ ಕೇಳುತ್ತಿದ್ದವರಲ್ಲಿ ಹೆಚ್ಚಿನವರು ಪರಸ್ಪರ ಅಂಥ ಅಪರಾಧವೇನೂ ಮಾಡಿರಲಿಲ್ಲ. ತಾವು ಯಾರಿಗೆ ಅಪರಾಧ ಮಾಡಿದ್ದರೋ ಆ ಮನುಷ್ಯ ಆ ಬಸದಿಯಲ್ಲಿರಲಿಲ್ಲ. ಅವನಿಗೆ ಅಂದು ಕ್ಷಮಾವಣಿಯೆಂಬುದೂ ತಿಳಿದಿರಲಿಲ್ಲ.

ಅಂದು ಮಧ್ಯಾಹ್ನವೇ ಅವರು ಬಸ್ಸು ಹಿಡಿದು ಆ ಹಳ್ಳಿಗೆ ಹೋದರು. ಮುದುಕನು ಪಡಸಾಲೆಯ ಗೋಡೆಗೆ ಒರಗಿ ಕುಳಿತಿದ್ದ. ಗುಮಾಸ್ತರನ್ನು ಕಂಡು ಏಳಲು ಹೋದ; ಏಳಲಾಗಲಿಲ್ಲ. ಗುಮಾಸ್ತರು ಅವನ ಪಕ್ಕದಲ್ಲೇ ಕುಳಿತು, ಹಾಜರಿ ಪುಸ್ತಕದ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಭವಿಷ್ಯನಿಧಿಯೆಂದರೇನು, ಅದು ಅವನಿಗೆ ಏಕೆ ಸಿಗಲಿಲ್ಲ, ತಾವು ಏನು ಬರೆದರು, ಎಲ್ಲವನ್ನೂ ಹೇಳಿ ಕೈಮುಗಿದರು. ಮುದುಕನು ಬಹಳ ಹೊತ್ತು ಸುಮ್ಮನಿದ್ದ. ದುಡ್ಡಿನ ಮಾತು ಕೇಳಬಹುದೆಂದು ಗುಮಾಸ್ತರು ಎಣಿಸಿದ್ದರು. ಅವನು ಕೇಳಿದ್ದು ಬೇರೆ.

‘ಹಂಗಾದ್ರೆ ರೈಟ್ರೇ, ನಾನು ಅಲ್ಲಿ ಕೆಲ್ಸ ಮಾಡಿದ್ದೆ ಅಂತ ಎಲ್ಲೂ ಬರ್ದಿಲ್ಲೇನು?’

ಗುಮಾಸ್ತರಲ್ಲಿ ಉತ್ತರವಿರಲಿಲ್ಲ. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ, ಬೈಯಲೂ ಇಲ್ಲ. ಸೊಸೆಯನ್ನು ಕರೆದು, ‘ಹೊತ್ತು ಮುಳುಗೋದ್ರೊಳಗೆ ಇವ್ರಿಗೆ ಏನಾರ ಕೊಡವ್ವಾ, ಆಮೇಲೆ ಇವ್ರು ಉಣ್ಣಾದಿಲ್ಲ’ ಎಂದ. ಹದಿನಾಲ್ಕು ವರ್ಷ ಜೊತೆಯಲ್ಲಿ ದುಡಿದವನು ಗುಮಾಸ್ತರ ನಿಯಮವನ್ನು ಅರಿತಿದ್ದ. ಅವನ ಹಸಿವಿನ ಹೊತ್ತು ಯಾವುದೆಂದು ಗುಮಾಸ್ತರಿಗೆ ತಿಳಿದಿರಲಿಲ್ಲ.

ಮರುದಿನ ಅವರು ಸಾಹುಕಾರರ ಮುಂದೆ ಎರಡು ಕಾಗದಗಳನ್ನಿಟ್ಟರು. ಒಂದರಲ್ಲಿ ಹನ್ನೆರಡು ಹೆಸರುಗಳು, ಅವರು ಸೇರಿದ ವರ್ಷಗಳು. ಇನ್ನೊಂದರಲ್ಲಿ ಆ ಮುದುಕನಿಗೆ ಸಲ್ಲಬೇಕಾಗಿದ್ದ ಮೊತ್ತದ ಲೆಕ್ಕ. ಇನ್ನು ಮುಂದೆ ಹಾಜರಿ ಪುಸ್ತಕ ತಮ್ಮಿಂದ ಬರೆಯಲಾಗದು, ಬೇಕಾದರೆ ಗೋದಾಮಿನ ದಾಸ್ತಾನು ನೋಡಿಕೊಳ್ಳುವೆ ಎಂದರು.

ಸಾಹುಕಾರರು ಕೋಪಗೊಳ್ಳಲಿಲ್ಲ. ‘ನೋಡಪ್ಪಾ, ಪೇಟೆಯಲ್ಲಿ ಯಾರು ಪೂರ್ತಿ ಬರೀತಾರೆ? ನಾನೊಬ್ಬನೇ ಬರೆದರೆ ಡಬ್ಬದ ಬೆಲೆ ಏರಿಸಬೇಕು. ಏರಿಸಿದರೆ ಕೊಳ್ಳೋರು ಯಾರು? ಬೆಳೆಯೋ ಗಿಡದ ಬೇರಿಗೆ ಕೊಡಲಿ ಹಾಕಿದ ಹಾಗಾಗುತ್ತೆ’ ಎಂದರು.

‘ಗಿಡ ಬೆಳೆದಿದೆ ಸಾಹುಕಾರ್ರೇ, ಪುಸ್ತಕ ಮಾತ್ರ ಹನ್ನೊಂದು ವರ್ಷದಿಂದ ಬೆಳೆದಿಲ್ಲ’ ಎಂದರು ಗುಮಾಸ್ತರು.

ಸಾಹುಕಾರರ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎಲ್ಲರೂ ತಪ್ಪು ತೂಕದಲ್ಲಿ ಮಾರುವ ಸಂತೆಯಲ್ಲಿ ಸರಿಯಾಗಿ ತೂಗುವವನು ಮೊದಲು ಸೋಲುತ್ತಾನೆ. ಆದರೆ ವ್ರತವು ಸುತ್ತಲಿನವರನ್ನು ನೋಡಿ ಹಿಗ್ಗುವ ಕುಗ್ಗುವ ಅಳತೆಯಾದರೆ ಅದಕ್ಕೆ ವ್ರತವೆಂಬ ಹೆಸರೇಕೆ? ಮಿತಿಯೊಳಗೆ ಬೆಳೆಯಲು ಸಾಧ್ಯವಿಲ್ಲದಿದ್ದರೆ ಅಷ್ಟಕ್ಕೇ ನಿಲ್ಲುವುದು ಎಂಬ ಇನ್ನೊಂದು ದಾರಿ ಸಾಹುಕಾರರಿಗೆ 1981ರ ಪಟ್ಟಿಯಲ್ಲಿಯೇ ತೆರೆದಿತ್ತು.

ಸಾಹುಕಾರರು ಮೂರು ದಿನ ಏನೂ ಹೇಳಲಿಲ್ಲ. ನಾಲ್ಕನೆಯ ದಿನ ಮುದುಕನ ಮೊತ್ತವನ್ನು ಲಕೋಟೆಯಲ್ಲಿಟ್ಟು ಗುಮಾಸ್ತರ ಕೈಗೆ ಕೊಟ್ಟರು, ರಸೀದಿ ಬೇಡವೆಂದರು. 1999ರ ಏಪ್ರಿಲ್ ಒಂದರಿಂದ ಹಾಜರಿ ಪುಸ್ತಕದಲ್ಲಿ ಎಲ್ಲ ಹೆಸರುಗಳೂ ಬಂದವು, ಭವಿಷ್ಯನಿಧಿಯ ನೋಂದಣಿಯೂ ಆಯಿತು. ಅದಕ್ಕಿಂತ ಹಿಂದಿನ ವರ್ಷಗಳ ಮಾತನ್ನು ಯಾರೂ ಎತ್ತಲಿಲ್ಲ. ಪುಸ್ತಕ ಬರೆಯುವವನು ಬೇರೊಬ್ಬನಾದ. ಗುಮಾಸ್ತರು ನಿವೃತ್ತರಾಗುವವರೆಗೂ, 2016ರ ತನಕ, ದಾಸ್ತಾನಿನಲ್ಲೇ ಉಳಿದರು. ವರ್ಷದ ಸಂಬಳ ಏರಿಕೆಯಲ್ಲಿ ಅವರದು ಯಾವಾಗಲೂ ಉಳಿದವರಿಗಿಂತ ಕಡಿಮೆ. ಅಂಗಡಿ ಮುಳುಗಲಿಲ್ಲ; ಬೆಳವಣಿಗೆ ತುಸು ನಿಧಾನವಾಯಿತು, ಅಷ್ಟೇ.

ಲಕೋಟೆಯನ್ನು ಮುದುಕನಿಗೆ ತಲುಪಿಸಿದರು. ಆದರೆ ಅವನ ಪ್ರಶ್ನೆಗೆ ಲಕೋಟೆಯಲ್ಲಿ ಉತ್ತರವಿರಲಿಲ್ಲ. ದೊಡ್ಡ ಕಾರ್ಖಾನೆಗಳ ಗತಿಯನ್ನು ನೋಡಿದ ಮೇಲೆ ಗುಮಾಸ್ತರಿಗೆ ಆ ಪ್ರಶ್ನೆಯ ತೂಕ ಇನ್ನೂ ಚೆನ್ನಾಗಿ ತಿಳಿಯಿತು. ಊರಿನ ಬಟ್ಟೆ ಗಿರಣಿಗಳು ಒಂದೊಂದಾಗಿ ನಿಂತವು. ಹರಿಹರದ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಕೆಲಸ ಹೋದವರ ಸಂಕಟ ಸಣ್ಣದಾಗಿರಲಿಲ್ಲ. ಆದರೂ ಪುಸ್ತಕದಲ್ಲಿ ಹೆಸರಿದ್ದವನಿಗೆ ತನ್ನ ಬಾಕಿಯನ್ನು ಕೇಳಲು ನಿಲ್ಲುವಷ್ಟು ನೆಲವಿತ್ತು. 1956ರ ಕಂಪನಿ ಕಾಯ್ದೆಗೆ 1985ರಲ್ಲಿ ತಂದ ತಿದ್ದುಪಡಿಯಂತೆ, ಮುಚ್ಚಿದ ಕಂಪನಿಯ ಆಸ್ತಿಯಲ್ಲಿ ಕಾರ್ಮಿಕರ ಬಾಕಿಗೆ ಭದ್ರತೆಯುಳ್ಳ ಸಾಲಗಾರರ ಸರಿಸಮಾನ ಸ್ಥಾನ ದೊರೆತಿತ್ತು. ಕಂಪನಿ ಸತ್ತರೂ ಹೆಸರು ಬದುಕಿತ್ತು. ಹೆಸರೇ ಇಲ್ಲದವನು ಯಾವ ಬಾಗಿಲನ್ನು ತಟ್ಟಬೇಕು?

ನಮ್ಮ ನಾಡಿನ ಸಂಪ್ರದಾಯದಲ್ಲಿ ಹೆಸರಿಗೆ ದೊಡ್ಡ ಗೌರವವಿದೆ. ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರಿದೆ, ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಹೆಸರಿದೆ. ಬೇಲೂರಿಗೆ ಹೋದರೆ ಶಿಲ್ಪಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಚಾವಣರಂಥ ಶಿಲ್ಪಿಗಳ ಹೆಸರುಗಳು ಕಾಣುತ್ತವೆ. ಮಾಡಿಸಿದವನ ಹೆಸರಿನ ಜೊತೆಗೆ ಮಾಡಿದವನ ಹೆಸರೂ ಉಳಿಯಬೇಕೆಂಬ ವಿವೇಕ ಆ ಕಾಲಕ್ಕಿತ್ತು. ಇಂದು ಬಸದಿಗಳ ಗೋಡೆಗಳಲ್ಲಿ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳು ಸಾಲುಗಟ್ಟಿವೆ. ಸಾಹುಕಾರರ ಹೆಸರೂ ಅಂಥ ಒಂದು ಫಲಕದಲ್ಲಿದೆ. ದಾನ ಶ್ರೇಷ್ಠವಾದುದು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ದಾನದ ಹಿಂದೆ ಹಾಜರಿ ಪುಸ್ತಕದಿಂದ ಬಿಟ್ಟುಹೋದ 12 ಹೆಸರುಗಳಿವೆಯೆಂಬುದನ್ನು ಗುಮಾಸ್ತರು ಆ ಫಲಕದ ಮುಂದೆ ಕೈಮುಗಿಯುವಾಗಲೆಲ್ಲ ನೆನೆಯುತ್ತಾರೆ.

ನಿವೃತ್ತಿಯ ನಂತರ ಬಸದಿಯ ಕಾರ್ಯಕಾರಿ ಸಮಿತಿಗೆ ಅವರನ್ನು ಸೇರಿಸಿಕೊಂಡರು. ಮೊದಲ ಸಭೆಯಲ್ಲಿ ಎಲ್ಲರೂ ಶಿಖರದ ಜೀರ್ಣೋದ್ಧಾರದ ವಿಷಯ ಚರ್ಚಿಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಅಂಗಳ ಗುಡಿಸುವ ಹೆಂಗಸಿನ ಹೆಸರು ಯಾವ ಪುಸ್ತಕದಲ್ಲಿದೆ? ಆಕೆಗೆ ವಾರದ ರಜೆಯಿದೆಯೇ? ರಾತ್ರಿ ಕಾವಲುಗಾರನು ಎಷ್ಟು ಹೊತ್ತಿಗೆ ಉಣ್ಣುತ್ತಾನೆ? ಸಭೆಯಲ್ಲಿದ್ದ ಹನ್ನೊಂದು ಜನರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಗುಡಿಸುವಾಕೆಯ ಕೂಲಿಯನ್ನು ‘ಚಿಲ್ಲರೆ ಖರ್ಚು’ ಎಂದು ಬರೆಯಲಾಗುತ್ತಿತ್ತು. ಮುಂದಿನ ತಿಂಗಳಿನಿಂದ ಆಕೆಯ ಹೆಸರನ್ನು ಬರೆಯತೊಡಗಿದರು.

ವ್ಯಾಪಾರ ಬೆಳೆಯುವುದು ಪಾಪವಲ್ಲ. ಜೈನ ಸಮಾಜ ವ್ಯಾಪಾರದಿಂದಲೇ ಅನ್ನವನ್ನೂ ಧರ್ಮವನ್ನೂ ಉಳಿಸಿಕೊಂಡು ಬಂದಿದೆ. ಆದರೆ ಬೆಳವಣಿಗೆಯ ಪ್ರತಿ ಹಂತದಲ್ಲೂ ಶ್ರಾವಕನು, ಅವನು ಮಾಲೀಕನಿರಲಿ ಗುಮಾಸ್ತನಿರಲಿ, ತನ್ನ ಹಾಜರಿ ಪುಸ್ತಕವನ್ನು ಸಾಮಾಯಿಕದಷ್ಟೇ ಏಕಾಗ್ರತೆಯಿಂದ ತೆರೆದು ನೋಡಬೇಕಾಗಿದೆ. ಭಾರ ಯಾರ ಬೆನ್ನ ಮೇಲಿದೆ, ಹೊತ್ತಿನ ಅನ್ನ ಯಾರಿಗೆ ತಪ್ಪುತ್ತಿದೆ, ಯಾರ ಹೆಸರು ಬಿಟ್ಟುಹೋಗಿದೆ ಎಂಬ ಮೂರು ಪ್ರಶ್ನೆಗಳಿಗೆ ಅಲ್ಲಿ ಉತ್ತರ ದೊರೆಯಬೇಕು.

ಕೆ.ಬಿ. ಬಡಾವಣೆಯ ಆ ಮನೆಯಲ್ಲಿ, ಜಪಮಾಲೆಯಿಡುವ ಪೆಟ್ಟಿಗೆಯಲ್ಲಿ ಒಂದು ಹಳೆಯ ನೋಟುಪುಸ್ತಕವಿದೆ. ಅದರಲ್ಲಿ 12 ಹೆಸರುಗಳು, ಪ್ರತಿ ಹೆಸರಿನ ಮುಂದೆ ಸೇರಿದ ವರ್ಷ, ಬಿಟ್ಟ ವರ್ಷ. ಮೊದಲ ಹೆಸರಿನ ಮುಂದೆ 1984–1998 ಎಂದಿದೆ. ಅದಕ್ಕೆ ಯಾವ ಕಚೇರಿಯ ಮುದ್ರೆಯೂ ಇಲ್ಲ. ಹದಿನಾಲ್ಕು ವರ್ಷ ದುಡಿದನೆಂದು ಅವನ ಹೆಸರು ಬರೆದಿರುವುದು ಅಲ್ಲಿ ಮಾತ್ರ.